ಮಕ್ಕಳನ್ನು ಅರಿತ ಆಲ್ಫ್ರೆಡ್ ಬಿನೆ

ಒಂದು ತರಗತಿಯಲ್ಲಿ ನಲವತ್ತು ಮಕ್ಕಳು ಕುಳಿತಿರುತ್ತಾರೆ. ಅವರೆಲ್ಲರಿಗೂ ಪಾಠ ಒಂದೇ, ಕರಿಹಲಗೆ ಒಂದೇ, ಪಾಠ ಹೇಳುವ ಉಪಾಧ್ಯಾಯರೂ ಒಬ್ಬರೇ. ವರ್ಷ ಮುಗಿಯುವ ವೇಳೆಗೆ ಹೆಚ್ಚಿನ ಮಕ್ಕಳು ಪುಸ್ತಕವನ್ನು ಸರಾಗವಾಗಿ ಓದಬಲ್ಲವರಾಗುತ್ತಾರೆ. ಕೆಲವರು ತಡವರಿಸುತ್ತ ಓದುತ್ತಾರೆ. ಒಬ್ಬಿಬ್ಬರಿಗೆ ಮಾತ್ರ ಎಷ್ಟು ಹೆಣಗಿದರೂ ಅಕ್ಷರಗಳು ಪದವಾಗಿ ಕೂಡಿಬರುವುದಿಲ್ಲ. ಅಂಥ ಮಗುವನ್ನು ಲೋಕವು ಬಹುಕಾಲದಿಂದ ದಡ್ಡ ಎಂಬ ಒಂದೇ ಮಾತಿನಿಂದ ಕರೆಯುತ್ತ ಬಂದಿದೆ. ಆ ಮಗುವಿನ ದೃಷ್ಟಿ ಮಂದವಾಗಿರಬಹುದು. ಕಿವಿ ಸರಿಯಾಗಿ ಕೇಳಿಸದಿರಬಹುದು. ಮನೆಯಲ್ಲಿ ಆಡುವ ಮಾತು ಶಾಲೆಯ ಮಾತಿಗಿಂತ ಬೇರೆಯಾಗಿರಬಹುದು. ಬಡತನದ ದೆಸೆಯಿಂದ ಅದು ಶಾಲೆಗೆ ಬಂದ ದಿನಗಳೇ ಕಡಮೆಯಾಗಿರಬಹುದು. ಅಥವಾ ಅದರ ಬುದ್ಧಿಯ ಬೆಳವಣಿಗೆ ನಿಜವಾಗಿಯೂ ನಿಧಾನವಾಗಿರಬಹುದು. ಇಷ್ಟೊಂದು ಬೇರೆ ಬೇರೆ ಕಾರಣಗಳನ್ನು ಒಂದು ಬೈಗುಳದಲ್ಲಿ ಮುಚ್ಚಿಬಿಡುವುದು ಸುಲಭ. ಅವುಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಕಷ್ಟ. ಆ ಕಷ್ಟದ ಕೆಲಸಕ್ಕೆ ಶಾಸ್ತ್ರೀಯವಾದ ಒಂದು ದಾರಿಯನ್ನು ಹಾಕಿಕೊಟ್ಟವರಲ್ಲಿ ಫ್ರಾನ್ಸ್ ದೇಶದ ಮನಶ್ಶಾಸ್ತ್ರಜ್ಞನಾದ ಆಲ್ಫ್ರೆಡ್ ಬಿನೆ ಮೊದಲಿಗನು.

ಬಿನೆ 1857ನೆಯ ಇಸವಿ ಜುಲೈ 8ರಂದು ಮೆಡಿಟರೇನಿಯನ್ ಸಮುದ್ರತೀರದ ನೀಸ್ ನಗರದಲ್ಲಿ ಜನಿಸಿದನು. ಆ ಊರು ಆಗ ಸಾರ್ಡೀನಿಯ ರಾಜ್ಯಕ್ಕೆ ಸೇರಿದ್ದು, 1860ರಲ್ಲಿ ಫ್ರಾನ್ಸಿನ ಭಾಗವಾಯಿತು. ತಂದೆ ವೈದ್ಯ, ತಾಯಿ ಚಿತ್ರಕಲೆಯಲ್ಲಿ ಆಸಕ್ತಿಯುಳ್ಳವಳು. ತಂದೆತಾಯಿಗಳು ಬೇರೆಯಾದುದರಿಂದ ಬಾಲಕನನ್ನು ಬೆಳೆಸುವ ಹೊಣೆ ತಾಯಿಯ ಮೇಲೆ ಬಿದ್ದಿತು. ಹದಿನೈದು ವರ್ಷದವನಾಗಿದ್ದಾಗ ಅವನು ತಾಯಿಯೊಡನೆ ಪ್ಯಾರಿಸಿಗೆ ಬಂದು, ಅಲ್ಲಿಯ ಹೆಸರುವಾಸಿಯಾದ ಪ್ರೌಢಶಾಲೆಯೊಂದನ್ನು ಸೇರಿದನು. ವಿದ್ಯಾರ್ಥಿದೆಸೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವನ್ನು ಅವನು ಕೊನೆಯವರೆಗೂ ಮರೆಯಲಿಲ್ಲ. ಪರೀಕ್ಷೆಯೊಂದರಲ್ಲಿ ಗ್ರೀಕ್ ತತ್ತ್ವಜ್ಞಾನಿಯೊಬ್ಬನ ವಿಷಯವಾಗಿ ಅವನು ತಪ್ಪು ಉತ್ತರ ಹೇಳಿದುದಕ್ಕೆ ಪರೀಕ್ಷಕನು ಕೆರಳಿ, ಈ ಹುಡುಗನಿಗೆ ತಾತ್ತ್ವಿಕ ಬುದ್ಧಿ ಎಂದೆಂದಿಗೂ ಬರಲಾರದೆಂದು ತೀರ್ಪು ಕೊಟ್ಟುಬಿಟ್ಟನು. ಒಂದು ತಪ್ಪಿನಿಂದ ಒಬ್ಬನ ಇಡೀ ಬಾಳಿನ ಭವಿಷ್ಯವನ್ನು ಹೇಳುವುದು ಎಷ್ಟು ದೊಡ್ಡ ಅವಿವೇಕವೆಂಬುದನ್ನು, ಹೆಸರಾಂತ ವಿದ್ವಾಂಸನಾದ ಮೇಲೂ ಬಿನೆ ನೆನೆದು ಬರೆದನು.

1878ರಲ್ಲಿ ಅವನು ನ್ಯಾಯಶಾಸ್ತ್ರದ ಪದವಿಯನ್ನು ಪಡೆದನು. ಆದರೆ ವಕೀಲವೃತ್ತಿ ಅವನ ಮನಸ್ಸಿಗೆ ಹಿಡಿಸಲಿಲ್ಲ. ವೈದ್ಯಶಾಸ್ತ್ರದ ಅಭ್ಯಾಸವನ್ನು ಕೈಗೊಂಡನು. ಅದೂ ನಡುವೆಯೇ ನಿಂತಿತು. ಹೀಗೆ ದಿಕ್ಕು ಕಾಣದಿದ್ದ ದಿನಗಳಲ್ಲಿ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯವು ಅವನಿಗೆ ಆಸರೆಯಾಯಿತು. ಅಲ್ಲಿ ಕುಳಿತು ಮನಶ್ಶಾಸ್ತ್ರದ ಗ್ರಂಥಗಳನ್ನು ತಾನೇ ಓದಿ ಅರಗಿಸಿಕೊಂಡನು. ಆ ಶಾಸ್ತ್ರದಲ್ಲಿ ಅವನಿಗೆ ಗುರುವೆಂದು ಹೇಳಬಹುದಾದವರು ಆಗ ಯಾರೂ ಇರಲಿಲ್ಲ. ಗುರುವಿಲ್ಲದೆ ಕಲಿತವನಿಗೆ ಸ್ವಾತಂತ್ರ್ಯವಿರುತ್ತದೆ. ತಪ್ಪನ್ನು ತಿದ್ದುವವರು ಮಾತ್ರ ಇರುವುದಿಲ್ಲ. ಬಿನೆಯ ಜೀವನದಲ್ಲಿ ಈ ಎರಡೂ ಮಾತು ನಿಜವಾದುವು.

1883ರಲ್ಲಿ ಬಿನೆ ಸಾಲ್ಪೆತ್ರಿಯೇರ್ ಎಂಬ ಪ್ರಸಿದ್ಧ ಆಸ್ಪತ್ರೆಯನ್ನು ಸೇರಿದನು. ನರರೋಗಗಳ ಚಿಕಿತ್ಸೆಯಲ್ಲಿ ಯೂರೋಪಿಗೇ ಹೆಸರಾಗಿದ್ದ ಶಾರ್ಕೊ ಅಲ್ಲಿಯ ಹಿರಿಯ ವೈದ್ಯನು. ಅಲ್ಲಿ ಬಿನೆಯೂ ಫೆರೆ ಎಂಬ ವೈದ್ಯನೂ ಕೂಡಿ, ಸಂಮೋಹನ ನಿದ್ರೆಗೆ ಒಳಗಾದ ರೋಗಿಗಳ ಮೇಲೆ ಪ್ರಯೋಗಗಳನ್ನು ನಡೆಸಿದರು. ರೋಗಿಯ ಬಳಿ ದೊಡ್ಡದೊಂದು ಅಯಸ್ಕಾಂತವನ್ನು ತಂದರೆ ದೇಹದ ಒಂದು ಬದಿಯ ಮರಗಟ್ಟುವಿಕೆಯು ಇನ್ನೊಂದು ಬದಿಗೆ ಹೋಗುವುದೆಂದು ಅವರು ಸಾರಿದರು. ಈ ಸುದ್ದಿಯನ್ನು ಕೇಳಿ ಬೆಲ್ಜಿಯಮ್ ದೇಶದ ವಿದ್ವಾಂಸ ಡೆಲ್ಬಫ್ ತಾನೇ ಬಂದು ಪ್ರಯೋಗವನ್ನು ನೋಡಿದನು. ಅಯಸ್ಕಾಂತವನ್ನು ರೋಗಿಗೆ ಕಾಣುವಂತೆಯೇ ಹಿಡಿಯುತ್ತಿದ್ದರು. ಮುಂದೆ ಏನಾಗಬೇಕೆಂಬುದನ್ನು ರೋಗಿಯ ಎದುರಿಗೇ ಮಾತನಾಡಿಕೊಳ್ಳುತ್ತಿದ್ದರು. ರೋಗಿ ಅದನ್ನು ಕೇಳಿ, ಪ್ರಯೋಗ ಮಾಡುವವರು ಬಯಸಿದಂತೆಯೇ ನಡೆದುಕೊಳ್ಳುತ್ತಿದ್ದಳು. ಡೆಲ್ಬಫ್ ಈ ದೋಷವನ್ನು ಬಯಲಿಗೆಳೆದಾಗ ಬಿನೆ ಮೊದಲು ಬಿಸಿಬಿಸಿಯಾಗಿ ವಾದಿಸಿದನು. ಕೆಲವು ವರ್ಷಗಳ ಮೇಲೆ, ತಾನು ಮೋಸಹೋದೆನೆಂಬುದನ್ನು ಬಹಿರಂಗವಾಗಿ ಒಪ್ಪಿಕೊಂಡನು. ಇದು ಅವನಿಗೆ ಬಹಳ ಅವಮಾನವನ್ನು ತಂದ ಪ್ರಸಂಗ. ಆದರೆ ಈ ಸೋಲಿನಿಂದ ಅವನು ಕಲಿತ ಪಾಠ ಬಾಳಿನುದ್ದಕ್ಕೂ ಅವನ ಕೈಬಿಡಲಿಲ್ಲ. ಕೇಳುವವನು ತನಗೆ ಬೇಕಾದ ಉತ್ತರವನ್ನು ತನಗೇ ತಿಳಿಯದಂತೆ ಸೂಚಿಸಿಬಿಡುತ್ತಾನೆ. ಉತ್ತರ ಕೊಡುವವನು ಅದನ್ನೇ ಹಿಂದಿರುಗಿಸುತ್ತಾನೆ. ಪರೀಕ್ಷೆ ಮಾಡುವವನು ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕು ಎಂಬುದೇ ಆ ಪಾಠ.

1884ರಲ್ಲಿ ಬಿನೆ ಲಾರ್ ಬಾಲ್ಬಿಯಾನಿ ಎಂಬವಳನ್ನು ವಿವಾಹವಾದನು. ಆಕೆಯ ತಂದೆ ಹೆಸರಾಂತ ಜೀವಶಾಸ್ತ್ರಜ್ಞನು. ದಂಪತಿಗಳಿಗೆ ಮಾಡ್ಲೀನ್, ಆಲಿಸ್ ಎಂಬ ಇಬ್ಬರು ಹೆಣ್ಣುಮಕ್ಕಳಾದರು. ಆಸ್ಪತ್ರೆಯಲ್ಲಿ ದೊರೆಯದ ಸತ್ಯವು ಬಿನೆಗೆ ತನ್ನ ಮನೆಯ ಅಂಗಳದಲ್ಲಿ ದೊರೆಯಿತು. ಮಕ್ಕಳು ನಡೆಯಲು ಕಲಿಯುವುದನ್ನೂ ಮಾತು ಕಲಿಯುವುದನ್ನೂ ಅವನು ತಾಳ್ಮೆಯಿಂದ ನೋಡಿ ಬರೆದಿಟ್ಟನು. ಒಬ್ಬಳು ಎಚ್ಚರಿಕೆಯಿಂದ ಹೆಜ್ಜೆಯಿಟ್ಟರೆ ಇನ್ನೊಬ್ಬಳು ತೂರಾಡುತ್ತ ಮುನ್ನುಗ್ಗುತ್ತಿದ್ದಳು. ಒಂದೇ ತಂದೆತಾಯಿಗಳ ಮಕ್ಕಳಾದರೂ ಅವರು ಯೋಚಿಸುವ ರೀತಿ ಬೇರೆ ಬೇರೆ. ಚಾಕು ಎಂದರೇನು ಎಂದು ಪುಟ್ಟ ಮಗುವನ್ನು ಕೇಳಿದರೆ, ಮಾಂಸವನ್ನು ಕತ್ತರಿಸುವುದಕ್ಕೆ ಎಂದು ಅದು ಹೇಳುತ್ತದೆ. ಗಡಿಯಾರವೆಂದರೆ ಹೊತ್ತು ನೋಡುವುದಕ್ಕೆ ಎನ್ನುತ್ತದೆ. ಮಗು ವಸ್ತುವನ್ನು ಅದರ ಉಪಯೋಗದಿಂದ ಅರಿಯುತ್ತದೆ. ಮಗುವಿನ ಬುದ್ಧಿ ದೊಡ್ಡವರ ಬುದ್ಧಿಯ ಸಣ್ಣ ಪ್ರತಿಯಲ್ಲ. ಅದಕ್ಕೆ ತನ್ನದೇ ಆದ ಮೆಟ್ಟಿಲುಗಳಿವೆ ಎಂಬ ವಿಚಾರ ಅವನಲ್ಲಿ ಬೇರೂರಿತು. ಮುಂದೆ 1903ರಲ್ಲಿ ಅವನು ಬುದ್ಧಿಯ ವಿಷಯವಾಗಿ ಬರೆದ ಪ್ರಸಿದ್ಧ ಗ್ರಂಥಕ್ಕೆ ಈ ಇಬ್ಬರು ಹುಡುಗಿಯರೇ ಆಧಾರವಾದರು.

ಸಾಲ್ಪೆತ್ರಿಯೇರ್ ಆಸ್ಪತ್ರೆಯನ್ನು ಬಿಟ್ಟ ಬಳಿಕ, 1891ರಲ್ಲಿ ರೂಆನ್ ಊರಿನ ರೈಲುನಿಲ್ದಾಣದಲ್ಲಿ ಬಿನೆಗೆ ಬೋನಿಸ್ ಎಂಬ ವಿದ್ವಾಂಸನು ಅಕಸ್ಮಾತ್ತಾಗಿ ಎದುರಾದನು. ಬೋನಿಸ್ ಪ್ಯಾರಿಸಿನ ಸೋರ್ಬೋನ್ ವಿದ್ಯಾಪೀಠದ ಮನಶ್ಶಾಸ್ತ್ರ ಪ್ರಯೋಗಾಲಯದ ಮುಖ್ಯಸ್ಥನು. ಆ ಭೇಟಿಯ ಫಲವಾಗಿ ಬಿನೆ ಪ್ರಯೋಗಾಲಯವನ್ನು ಸಂಬಳವಿಲ್ಲದೆಯೇ ಸೇರಿ, ಕೆಲವೇ ವರ್ಷಗಳಲ್ಲಿ ಅದರ ನಿರ್ದೇಶಕನಾದನು. ಕೀಟಗಳ ನರಮಂಡಲವನ್ನು ಕುರಿತ ಪ್ರಬಂಧಕ್ಕೆ 1894ರಲ್ಲಿ ಅವನಿಗೆ ಡಾಕ್ಟರೇಟ್ ದೊರೆಯಿತು. ಮನಶ್ಶಾಸ್ತ್ರಕ್ಕೆಂದೇ ಮೀಸಲಾದ ವಾರ್ಷಿಕ ಪತ್ರಿಕೆಯೊಂದನ್ನೂ ಅವನು ಆರಂಭಿಸಿದನು. ಇಷ್ಟೆಲ್ಲ ಇದ್ದರೂ ಫ್ರಾನ್ಸಿನ ಯಾವ ವಿದ್ಯಾಪೀಠವೂ ಅವನನ್ನು ಪ್ರಾಧ್ಯಾಪಕನನ್ನಾಗಿ ಆರಿಸಲಿಲ್ಲ. ಆ ಕೊರಗು ಅವನ ಕೆಲಸವನ್ನು ನಿಲ್ಲಿಸಲಿಲ್ಲ.

ಆ ದಿನಗಳಲ್ಲಿ ಅವನು ಅಸಾಧಾರಣ ಗಣಿತಶಕ್ತಿಯುಳ್ಳ ಇನಾಡಿ ಎಂಬವನನ್ನು ಪರೀಕ್ಷಿಸಿದನು. ಇನಾಡಿ ಬಾಲ್ಯದಲ್ಲಿ ಕುರಿ ಕಾಯುತ್ತಿದ್ದವನು. ಪ್ರಾಯಕ್ಕೆ ಬರುವವರೆಗೆ ಓದುಬರಹವನ್ನೇ ಅರಿಯದವನು. ಆದರೆ ದೊಡ್ಡ ದೊಡ್ಡ ಸಂಖ್ಯೆಗಳನ್ನು ಕಿವಿಯಲ್ಲಿ ಕೇಳಿ ಮನಸ್ಸಿನಲ್ಲಿಯೇ ಗುಣಿಸಿ ಹೇಳುತ್ತಿದ್ದನು. ಡಯಾಮಂಡಿ ಎಂಬ ಇನ್ನೊಬ್ಬನಾದರೋ ಸಂಖ್ಯೆಗಳನ್ನು ಬರೆದಂತೆ ಕಣ್ಣಮುಂದೆ ಕಂಡು ಲೆಕ್ಕ ಮಾಡುತ್ತಿದ್ದನು. ಫಲ ಒಂದೇ ಆದರೂ ಮನಸ್ಸು ನಡೆದ ದಾರಿ ಬೇರೆ ಬೇರೆ. ಅಕ್ಷರ ಬಾರದವನಿಗೆ ಬುದ್ಧಿಯೂ ಇಲ್ಲವೆನ್ನುವ ಮಾತು ಎಷ್ಟು ಹುರುಳಿಲ್ಲದ್ದೆಂಬುದು ಬಿನೆಗೆ ಆಗಲೇ ಮನದಟ್ಟಾಗಿರಬೇಕು.

ಶಾಲೆಯ ಮಕ್ಕಳ ಮೇಲೆ ಅವನು ನಡೆಸಿದ ಒಂದು ಪ್ರಯೋಗವೂ ಇಲ್ಲಿ ಹೇಳತಕ್ಕದ್ದು. ರಟ್ಟಿನ ಮೇಲೆ ಗುಂಡಿ, ಅಂಚೆಚೀಟಿ ಮುಂತಾದ ವಸ್ತುಗಳನ್ನು ಅಂಟಿಸಿ ಮಕ್ಕಳಿಗೆ ಸ್ವಲ್ಪ ಹೊತ್ತು ತೋರಿಸಿ ಮರೆಮಾಡುತ್ತಿದ್ದನು. ಗುಂಡಿಯನ್ನು ದಾರದಿಂದ ಹೊಲಿದಿತ್ತೆಂಬ ಭಾವ ಬರುವಂತೆ ಪ್ರಶ್ನೆ ಕೇಳಿದರೆ, ಇಲ್ಲದ ದಾರವನ್ನೂ ಕಂಡೆವೆಂದು ಹೇಳುವ ಮಕ್ಕಳಿದ್ದರು. ಮಗು ಸುಳ್ಳು ಹೇಳುತ್ತಿರಲಿಲ್ಲ. ಪ್ರಶ್ನೆಯೇ ಅದರ ಬಾಯಲ್ಲಿ ಉತ್ತರವನ್ನು ಇಟ್ಟಿತ್ತು. ಅದೇ ಕಾಲದಲ್ಲಿ, ತಲೆಯ ಗಾತ್ರಕ್ಕೂ ಬುದ್ಧಿಗೂ ಸಂಬಂಧವಿದೆಯೆಂಬ ಆಗಿನ ನಂಬಿಕೆಯನ್ನು ಪರೀಕ್ಷಿಸಲು ಅವನು ಅಳತೆಯ ಉಪಕರಣವನ್ನು ಹಿಡಿದು ನೂರಾರು ಮಕ್ಕಳ ತಲೆಗಳನ್ನು ಅಳೆದನು. ಜಾಣರೆಂದು ಉಪಾಧ್ಯಾಯರು ಆರಿಸಿದ ಮಕ್ಕಳಿಗೂ ಹಿಂದುಳಿದವರಿಗೂ ಇದ್ದ ವ್ಯತ್ಯಾಸ ತೀರ ಅಲ್ಪವಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಅಳೆಯುವಾಗ ತನ್ನ ನಿರೀಕ್ಷೆಯೇ ತನ್ನ ಕೈಯನ್ನು ತುಸು ಅತ್ತಿತ್ತ ಸರಿಸುತ್ತಿದೆಯೆಂಬುದನ್ನು ಅವನು ಗುರುತಿಸಿದನು. ಅಯಸ್ಕಾಂತದ ಪಾಠ ಈಗ ಫಲ ಕೊಟ್ಟಿತು. ತಲೆಯನ್ನು ಅಳೆದು ಬುದ್ಧಿಯನ್ನು ಹೇಳುವ ಹಾದಿಯನ್ನು ಅವನು ಕೈಬಿಟ್ಟನು.

ಹೀಗಿರಲು ಫ್ರಾನ್ಸಿನ ಶಾಲೆಗಳಲ್ಲಿ ಹೊಸದೊಂದು ಸಮಸ್ಯೆ ತಲೆಯೆತ್ತಿತ್ತು. 1882ರ ಶಾಸನವು 6ರಿಂದ 13 ವರ್ಷದ ಎಲ್ಲ ಮಕ್ಕಳಿಗೂ ವಿದ್ಯಾಭ್ಯಾಸವನ್ನು ಕಡ್ಡಾಯಗೊಳಿಸಿತ್ತು. ಅದುವರೆಗೆ ಶಾಲೆಯ ಬಾಗಿಲನ್ನೇ ಕಾಣದಿದ್ದ ಬಡವರ ಮಕ್ಕಳು, ಕೂಲಿಯವರ ಮಕ್ಕಳು, ಅಂಗವೈಕಲ್ಯವುಳ್ಳ ಮಕ್ಕಳು ತರಗತಿಗಳಿಗೆ ಬಂದರು. ಇವರಲ್ಲಿ ಕೆಲವರಿಗೆ ಸಾಮಾನ್ಯವಾದ ಪಾಠಕ್ರಮ ಹತ್ತಲಿಲ್ಲ. ಇಂಥವರನ್ನು ಗುರುತಿಸುವುದು ಹೇಗೆ? ಕೆಲವು ಉಪಾಧ್ಯಾಯರು ತುಂಟ ಮಗುವನ್ನೂ ಬುದ್ಧಿಮಾಂದ್ಯವುಳ್ಳ ಮಗುವನ್ನೂ ಒಂದೇ ಪಟ್ಟಿಗೆ ಸೇರಿಸುವ ಭಯವಿತ್ತು. ವೈದ್ಯರ ಮಾತಾದರೂ ಖಚಿತವೇ ಎಂದರೆ ಅದೂ ಇಲ್ಲ. ಒಂದೇ ಮಗುವಿಗೆ ಕೆಲವೇ ದಿನಗಳ ಅಂತರದಲ್ಲಿ ಬೇರೆ ಬೇರೆ ವೈದ್ಯರು ಕೊಟ್ಟ ಪ್ರಮಾಣಪತ್ರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಇಷ್ಟು ಸಡಿಲವಾದ ಮಾತಿನ ಮೇಲೆ ಒಂದು ಮಗುವನ್ನು ಶಾಲೆಯಿಂದ ಹೊರಗೆ ಕಳುಹಿಸಿದರೆ ಅದರ ಬಾಳು ಅಲ್ಲಿಗೆ ಮುಗಿದಂತೆಯೇ. ತಪ್ಪಾಗಿ ಹೊರಗಿಟ್ಟರೆ ಅನ್ಯಾಯ. ಸಹಾಯ ಬೇಕಾದುದನ್ನು ಗುರುತಿಸದೆ ಒಳಗೇ ಬಿಟ್ಟರೂ ಅನ್ಯಾಯ.

1904ರಲ್ಲಿ ಫ್ರಾನ್ಸಿನ ವಿದ್ಯಾಸಚಿವನು ಈ ವಿಷಯವನ್ನು ವಿಚಾರಮಾಡಲು ಒಂದು ಆಯೋಗವನ್ನು ನೇಮಿಸಿದನು. ಮಕ್ಕಳ ಮನಸ್ಸನ್ನು ಅಭ್ಯಾಸ ಮಾಡುವ ಸಂಘವೊಂದರ ಮುಂದಾಳಾಗಿದ್ದ ಬಿನೆ ಅದರ ಸದಸ್ಯನಾದನು. ಸರಿಯಾದ ಪರೀಕ್ಷೆಯಾಗದೆ ಯಾವ ಮಗುವನ್ನೂ ಸಾಮಾನ್ಯ ಶಾಲೆಯಿಂದ ಬೇರ್ಪಡಿಸಕೂಡದೆಂದು ಆಯೋಗವು ತೀರ್ಮಾನಿಸಿತು. ಆದರೆ ಸರಿಯಾದ ಪರೀಕ್ಷೆ ಎಂಬುದು ಯಾವುದು? ಅದನ್ನು ಯಾರೂ ಕಂಡುಹಿಡಿದಿರಲಿಲ್ಲ. ಆ ಹೊಣೆಯನ್ನು ಬಿನೆ ತಾನೇ ಹೊತ್ತನು. ಥಿಯೊಡೋರ್ ಸಿಮೋನ್ ಎಂಬ ತರುಣ ವೈದ್ಯನು ಅವನಿಗೆ ಜೊತೆಯಾದನು. ಸಿಮೋನನು ಬುದ್ಧಿಮಾಂದ್ಯವುಳ್ಳ ಮಕ್ಕಳ ಆಶ್ರಯಧಾಮದಲ್ಲಿ ಕೆಲಸ ಮಾಡಿದವನಾದುದರಿಂದ ಅಂಥ ಮಕ್ಕಳ ಒಡನಾಟ ಅವನಿಗೆ ಚೆನ್ನಾಗಿತ್ತು.

ಇಬ್ಬರೂ ಸೇರಿ 1905ರಲ್ಲಿ 30 ಪರೀಕ್ಷೆಗಳ ಒಂದು ಶ್ರೇಣಿಯನ್ನು ಪ್ರಕಟಿಸಿದರು. ಅವನ್ನು ಸುಲಭದಿಂದ ಕಠಿನಕ್ಕೆ ಮೆಟ್ಟಿಲುಮೆಟ್ಟಿಲಾಗಿ ಜೋಡಿಸಲಾಗಿತ್ತು. ಉರಿಯುವ ಬೆಂಕಿಕಡ್ಡಿಯನ್ನು ಆಡಿಸಿದರೆ ಮಗು ಕಣ್ಣಿನಿಂದ ಅದನ್ನು ಹಿಂಬಾಲಿಸುವುದೇ? ಮರದ ತುಂಡಿಗೂ ಚಾಕಲೇಟಿಗೂ ಇರುವ ಭೇದವನ್ನು ತಿಳಿಯುವುದೇ? ಚಿತ್ರದಲ್ಲಿರುವ ವಸ್ತುಗಳನ್ನು ಹೆಸರಿಸುವುದೇ? ಮೂರು ಅಂಕಿಗಳನ್ನು ಕೇಳಿ ಹಾಗೆಯೇ ಮರಳಿ ಹೇಳುವುದೇ? ಹದಿನೈದು ಪದಗಳ ವಾಕ್ಯವನ್ನು ಬಿಡದೆ ಒಪ್ಪಿಸುವುದೇ? ನೊಣಕ್ಕೂ ಚಿಟ್ಟೆಗೂ ಇರುವ ವ್ಯತ್ಯಾಸವನ್ನು ವಿವರಿಸುವುದೇ? ಕೊಟ್ಟ ಮೂರು ಪದಗಳನ್ನು ಕೂಡಿಸಿ ಒಂದು ವಾಕ್ಯವನ್ನು ರಚಿಸುವುದೇ? ಹೀಗೆ ಸಾಗಿ, ಬೇಸರಕ್ಕೂ ಆಯಾಸಕ್ಕೂ ಇರುವಂಥ ಸೂಕ್ಷ್ಮವಾದ ಅರ್ಥಭೇದಗಳನ್ನು ಹೇಳುವವರೆಗೆ ಆ ಶ್ರೇಣಿ ಏರುತ್ತಿತ್ತು. ಕೆಲವು ಚಿತ್ರಗಳು, ನಾಣ್ಯಗಳು, ಕಾಗದ, ತೂಕದ ಪುಟ್ಟ ಪೆಟ್ಟಿಗೆಗಳು, ಇಷ್ಟೇ ಅದಕ್ಕೆ ಬೇಕಾದ ಸಾಮಗ್ರಿ. ಬೆಲೆಬಾಳುವ ಯಂತ್ರಗಳಿಂದಲ್ಲದೆ ಮಗುವಿನೊಡನೆ ಎದುರುಬದುರು ಕುಳಿತು ಮಾತನಾಡುವುದರಿಂದ ಬುದ್ಧಿಯನ್ನು ಅರಿಯಬಹುದೆಂಬುದೇ ಅದರ ಹೊಸತನ.

1908ರಲ್ಲಿ ಬಿನೆ ಈ ಶ್ರೇಣಿಯನ್ನು ಮತ್ತೆ ಕಟ್ಟಿದನು. ಸುಮಾರು 200 ಮಕ್ಕಳನ್ನು ಪರೀಕ್ಷಿಸಿ, 3ರಿಂದ 13 ವರ್ಷದವರೆಗೆ ಯಾವ ವಯಸ್ಸಿನ ಹೆಚ್ಚಿನ ಮಕ್ಕಳು ಯಾವ ಪ್ರಶ್ನೆಯನ್ನು ಬಿಡಿಸಬಲ್ಲರೆಂಬುದನ್ನು ಗೊತ್ತುಮಾಡಿದನು. ಒಂದೇ ಚಿತ್ರವನ್ನು ತೋರಿಸಿ ಕೇಳಿದಾಗ ಮೂರು ವರ್ಷದ ಮಗು ಅದರಲ್ಲಿರುವುದನ್ನು ಎಣಿಸುತ್ತದೆ: ಒಬ್ಬ ಮನುಷ್ಯ, ಒಂದು ಗಾಡಿ, ಒಂದು ಮರ. ಏಳು ವರ್ಷದ ಮಗು ನಡೆಯುತ್ತಿರುವುದನ್ನು ವರ್ಣಿಸುತ್ತದೆ: ಮನುಷ್ಯನು ಗಾಡಿಯನ್ನು ಎಳೆಯುತ್ತಿದ್ದಾನೆ. ಹನ್ನೆರಡರ ಸುಮಾರಿಗೆ ಬಂದ ಮಗು ಚಿತ್ರದ ಹಿಂದಿನ ಭಾವವನ್ನು ಹಿಡಿಯುತ್ತದೆ: ಇವರು ಬಡವರು, ಮನೆ ಬಿಟ್ಟು ಹೋಗುತ್ತಿದ್ದಾರೆ. ಚಿತ್ರ ಬದಲಾಗಲಿಲ್ಲ, ನೋಡುವ ಮನಸ್ಸು ಬೆಳೆಯಿತು, ಅದರೊಡನೆ ಭಾಷೆಯೂ ಬೆಳೆಯಿತು. ಮಗುವಿನ ಮಾತಿನಲ್ಲಿ ಅದರ ಬುದ್ಧಿಯ ವಯಸ್ಸನ್ನು ಓದುವ ಈ ಬಗೆ ಇಂದಿಗೂ ಬೆರಗನ್ನುಂಟುಮಾಡುತ್ತದೆ.

ಆದರೆ ಭಾಷೆಯಿಂದ ಬುದ್ಧಿಯನ್ನು ಅಳೆಯುವಲ್ಲಿ ಒಂದು ತೊಡಕು ಉಂಟು. ಅದನ್ನು ಬಿನೆ ಮರೆಯಲಿಲ್ಲ. ಅವನ ಪರೀಕ್ಷೆಗಳನ್ನು ಬೆಲ್ಜಿಯಮಿನ ಇಬ್ಬರು ವಿದ್ವಾಂಸರು ಬ್ರಸೆಲ್ಸ್ ನಗರದ ಸಿರಿವಂತರ ಮಕ್ಕಳ ಶಾಲೆಯೊಂದರಲ್ಲಿ ನಡೆಸಿದಾಗ, ಅಲ್ಲಿಯ ಮಕ್ಕಳು ಪ್ಯಾರಿಸಿನ ಕಾರ್ಮಿಕರ ಮಕ್ಕಳಿಗಿಂತ ಮುಂದಿದ್ದರು. ಓದು ಬಲ್ಲ ತಂದೆತಾಯಿಗಳ ನಡುವೆ, ಪುಸ್ತಕ ತುಂಬಿದ ಮನೆಯಲ್ಲಿ ಬೆಳೆದ ಮಗುವಿನ ಮಾತು ಬೇಗ ಅರಳುತ್ತದೆ. ಹಗಲೆಲ್ಲ ದುಡಿಯಲು ಹೋದ ತಾಯಿಯ ಮಗುವಿಗೆ ಆ ಸೌಕರ್ಯವಿಲ್ಲ. ಆದುದರಿಂದ ಮಗು ಪಡೆದ ಫಲವನ್ನು ಅದರ ಮನೆಯ ಸ್ಥಿತಿಯಿಂದ ಬೇರೆ ಮಾಡಿ ನೋಡಬಾರದೆಂಬುದು ಸ್ಪಷ್ಟವಾಯಿತು. 1908ರ ಶ್ರೇಣಿಯಲ್ಲಿ, ಮೂರು ಮನೆಗಳು ಬೆಂಕಿಗೆ ಆಹುತಿಯಾದ ಸುದ್ದಿಯನ್ನು ಓದಿ ನೆನಪಿನಿಂದ ಹೇಳುವಂಥ ಓದಿನ ಪರೀಕ್ಷೆಯೂ ಬರವಣಿಗೆಯ ಪರೀಕ್ಷೆಯೂ ಇದ್ದುವು. ಇವು ಬುದ್ಧಿಯನ್ನಲ್ಲ, ಶಾಲೆಯ ಕಲಿಕೆಯನ್ನು ತೋರಿಸುತ್ತವೆಂದು ಕಂಡುಬಂದಾಗ 1911ರ ಪರಿಷ್ಕರಣದಲ್ಲಿ ಅವನ್ನು ತೆಗೆದುಹಾಕಿದನು. ಓದಲಾರದ ಮಗು ಬುದ್ಧಿಯಿಲ್ಲದ ಮಗುವೆಂದು ಬಗೆಯಲಾಗದು ಎಂಬ ತತ್ತ್ವ ಇದರಲ್ಲಿ ಅಡಗಿದೆ.

ಹಾಗೆಂದು ಬಿನೆ ಓದುಬರಹದ ಪರೀಕ್ಷೆಯನ್ನು ಕಡೆಗಣಿಸಿದನೆಂದು ತಿಳಿಯಬಾರದು. ಅದಕ್ಕೆ ಬೇರೆಯೇ ಆದ ಅಳತೆಗೋಲು ಬೇಕೆಂಬುದು ಅವನ ನಿಲವು. ಪ್ಯಾರಿಸಿನ ಗ್ರಾಂಜ್-ಓ-ಬೆಲ್ ಬೀದಿಯಲ್ಲಿ ಕಾರ್ಮಿಕರ ಮಕ್ಕಳು ಓದುವ ಒಂದು ಶಾಲೆಯಿತ್ತು. ಅದರ ಮುಖ್ಯೋಪಾಧ್ಯಾಯನಾದ ವಾನೆಯ ನೆರವಿನಿಂದ ಬಿನೆ 1905ರಲ್ಲಿ ಅಲ್ಲಿಯೇ ಶಿಕ್ಷಣದ ಪ್ರಯೋಗಾಲಯವನ್ನು ತೆರೆದನು. ವಾನೆ ಮಕ್ಕಳ ಓದು, ಲೆಕ್ಕ, ಕಾಗುಣಿತಗಳನ್ನು ಅಳೆಯುವ ಕೋಷ್ಟಕವನ್ನು ಸಿದ್ಧಪಡಿಸಿದನು. ಅದರಲ್ಲಿ ಓದಿಗೆ ಐದು ಮೆಟ್ಟಿಲು: ಉಚ್ಚಾರಾಂಶಗಳನ್ನೂ ಕೂಡಿಸಲಾರದ ಓದು, ಉಚ್ಚಾರಾಂಶವನ್ನು ಒಂದೊಂದಾಗಿ ಬಿಡಿಸಿ ಹೇಳುವ ಓದು, ಪದಪದಕ್ಕೂ ತಡೆಯುವ ಓದು, ಸರಾಗವಾದ ಓದು, ಕೊನೆಗೆ ಭಾವವರಿತ ಓದು. ಮಗು ಎಲ್ಲಿ ನಿಂತಿದೆ, ಅದರ ವಯಸ್ಸಿನವರು ಎಲ್ಲಿರುತ್ತಾರೆ ಎಂಬುದನ್ನು ಉಪಾಧ್ಯಾಯನು ಕೆಲವೇ ನಿಮಿಷಗಳಲ್ಲಿ ತಿಳಿಯಬಹುದಾಗಿತ್ತು. ಓದಲು ಬರುವುದಿಲ್ಲ ಎಂಬ ಬರಿಯ ದೂರಿಗಿಂತ, ಈ ಮೆಟ್ಟಿಲಿನಲ್ಲಿ ನಿಂತಿದೆ ಎಂಬ ತಿಳಿವಳಿಕೆ ಹೆಚ್ಚು ಉಪಯುಕ್ತ. ಏಕೆಂದರೆ ಮುಂದಿನ ಮೆಟ್ಟಿಲು ಯಾವುದೆಂದು ಅದು ತೋರಿಸಿಕೊಡುತ್ತದೆ.

ಹಿಂದುಳಿದ ಮಗುವಿನ ಕಣ್ಣು ಕಿವಿಗಳನ್ನು ಮೊದಲು ನೋಡಬೇಕೆಂದು ಬಿನೆ ಒತ್ತಿ ಹೇಳಿದನು. ಹಿಂದಿನ ಸಾಲಿನಲ್ಲಿ ಕುಳಿತ ಮಗುವಿಗೆ ಕರಿಹಲಗೆಯ ಅಕ್ಷರ ಕಾಣದಿದ್ದರೆ ಅದು ಸೋಮಾರಿಯೆನಿಸಿಕೊಳ್ಳುತ್ತದೆ. ಅದನ್ನು ಮುಂದಿನ ಸಾಲಿಗೆ ಕರೆತಂದರೆ ಅಥವಾ ಕನ್ನಡಕ ಕೊಡಿಸಿದರೆ ಸಾಕು, ದಡ್ಡತನ ಮಾಯವಾಗುತ್ತದೆ. ಉಪಾಧ್ಯಾಯರೇ ಮಕ್ಕಳ ದೃಷ್ಟಿಯನ್ನು ಪರೀಕ್ಷಿಸಲು ಬರುವಂಥ ಸರಳ ವಿಧಾನವನ್ನು ಅವನೂ ಸಿಮೋನನೂ ರೂಪಿಸಿದರು. ಬುದ್ಧಿಯ ಪರೀಕ್ಷೆಯನ್ನು ನಡೆಸುವ ರೀತಿಗೂ ಅವರು ನಿಯಮಗಳನ್ನು ಹಾಕಿದರು. ಪರೀಕ್ಷೆಯ ಕೋಣೆ ನಿಶ್ಶಬ್ದವಾಗಿರಬೇಕು, ಮಗುವನ್ನು ಒಲವಿನಿಂದ ಮಾತನಾಡಿಸಬೇಕು, ತಪ್ಪಿದರೆ ಗದರಿಸಕೂಡದು, ಉತ್ತರವನ್ನು ಸೂಚಿಸಲೂ ಕೂಡದು. ಸಾಲ್ಪೆತ್ರಿಯೇರಿನಲ್ಲಿ ತಾನು ಮಾಡಿದ ತಪ್ಪು ಮಕ್ಕಳ ಪಾಲಿಗೆ ಮತ್ತೆ ಆಗಕೂಡದೆಂಬ ಎಚ್ಚರ ಈ ನಿಯಮಗಳಲ್ಲಿ ಕಾಣುತ್ತದೆ.

ಪರೀಕ್ಷೆಯಾದ ಮೇಲೆ ಏನು? ಇದೇ ಬಿನೆಯ ನಿಜವಾದ ಪ್ರಶ್ನೆ. 1907ರಲ್ಲಿ ಹಿಂದುಳಿದ ಮಕ್ಕಳಿಗಾಗಿ ಪ್ಯಾರಿಸಿನಲ್ಲಿ ವಿಶೇಷ ತರಗತಿಗಳು ಪ್ರಾಯೋಗಿಕವಾಗಿ ಆರಂಭವಾದುವು; 1909ರಲ್ಲಿ ಅಂಥ ತರಗತಿಗಳಿಗೆ ಶಾಸನದ ಮನ್ನಣೆ ದೊರೆಯಿತು. ಮಕ್ಕಳ ಗಮನ, ನೆನಪು, ಸಂಯಮಗಳನ್ನು ಬೆಳೆಸಲು ಅವನು ಆಟದಂಥ ಅಭ್ಯಾಸಗಳನ್ನು ಏರ್ಪಡಿಸಿದನು. ಗಂಟೆ ಬಾರಿಸುವವರೆಗೆ ಬೊಂಬೆಯಂತೆ ಅಲುಗಾಡದೆ ನಿಲ್ಲುವುದು ಒಂದು ಆಟ. ಹಲವು ವಸ್ತುಗಳನ್ನು ಐದು ಸೆಕೆಂಡು ನೋಡಿ ನೆನಪಿನಿಂದ ಬರೆಯುವುದು ಇನ್ನೊಂದು. ತರಗತಿಯನ್ನು ನೋಡಲು ಬಂದ ಶಾಸನಸಭೆಯ ಸದಸ್ಯರು ತಾವೂ ಈ ಆಟಕ್ಕೆ ನಿಂತು ಆ ಹಿಂದುಳಿದ ಮಕ್ಕಳಿಗೆ ಸೋತರಂತೆ. ಕಲಿಯುವುದು ಹೇಗೆಂಬುದನ್ನು ಮೊದಲು ಕಲಿಸಿ, ಆಮೇಲೆ ಪಾಠವನ್ನು ಕಲಿಸಬೇಕೆಂಬುದು ಅವನ ಮತ. ಬುದ್ಧಿ ಹುಟ್ಟಿನಿಂದ ಬಂದಷ್ಟೇ, ಅದನ್ನು ಹೆಚ್ಚಿಸಲು ಸಾಧ್ಯವಿಲ್ಲ ಎನ್ನುವವರ ನಿರಾಶಾವಾದವನ್ನು ಅವನು ಬಲವಾಗಿ ಖಂಡಿಸಿದನು. ತನ್ನ ಪರೀಕ್ಷೆಯು ಮಗುವಿನ ಇಂದಿನ ಸ್ಥಿತಿಯನ್ನು ತಿಳಿಸುವುದೇ ಹೊರತು ನಾಳೆಯ ಹಣೆಬರಹವನ್ನಲ್ಲ ಎಂಬುದು ಅವನ ನಿಶ್ಚಿತ ಅಭಿಪ್ರಾಯವಾಗಿತ್ತು.

1911ನೆಯ ಇಸವಿ ಅಕ್ಟೋಬರ್ 18ರಂದು, 54ನೆಯ ವಯಸ್ಸಿನಲ್ಲಿ, ಬಿನೆ ಪ್ಯಾರಿಸಿನಲ್ಲಿ ತೀರಿಕೊಂಡನು. ಅವನ ಪರೀಕ್ಷೆ ಅವನಿಗಿಂತ ದೀರ್ಘಾಯುವಾಯಿತು. ಆದರೆ ಅವನ ಎಚ್ಚರಿಕೆಯ ಮಾತುಗಳು ಅದರ ಜೊತೆಯಲ್ಲಿ ಪಯಣಿಸಲಿಲ್ಲ. 1912ರಲ್ಲಿ ಜರ್ಮನಿಯ ಸ್ಟರ್ನ್ ಎಂಬವನು ಮಗುವಿನ ಮಾನಸಿಕ ವಯಸ್ಸನ್ನು ಅದರ ನಿಜವಯಸ್ಸಿನಿಂದ ಭಾಗಿಸುವ ವಿಧಾನವನ್ನು ಸೂಚಿಸಿದನು. ಅಮೆರಿಕದ ಟರ್ಮನ್ ಅದನ್ನು ನೂರರಿಂದ ಗುಣಿಸಿ, 1916ರಲ್ಲಿ ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆಯೊಡನೆ ಬುದ್ಧಿಲಬ್ಧವೆಂಬ ಅಂಕಿಯನ್ನು ಬಳಕೆಗೆ ತಂದನು. ಬಿನೆ ಹಿಂದುಳಿದವರನ್ನು ಹುಡುಕಿ ನೆರವಾಗಲು ಮಾಡಿದ ಸಾಧನ, ಮನುಷ್ಯರನ್ನು ಮೇಲುಕೀಳೆಂದು ವಿಂಗಡಿಸುವ ಸಾಧನವಾಯಿತು. ಅಮೆರಿಕದಲ್ಲಿ ಹೊರನಾಡುಗಳಿಂದ ಹಡಗಿನಲ್ಲಿ ಬಂದಿಳಿದ ಬಡಜನರನ್ನು, ಅವರು ಅರಿಯದ ಭಾಷೆಯ ನಾಡಿನಲ್ಲಿ ಪರೀಕ್ಷಿಸಿ, ಮಂದಬುದ್ಧಿಯವರೆಂದು ಮುದ್ರೆಯೊತ್ತಿದುದೂ ಉಂಟು. ಮಂದಬುದ್ಧಿಯವರಿಗೆ ಸಂತಾನವೇ ಆಗದಂತೆ ಬಲವಂತದ ಶಸ್ತ್ರಚಿಕಿತ್ಸೆ ಮಾಡುವ ಶಾಸನವನ್ನು 1927ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವೇ ಎತ್ತಿಹಿಡಿಯಿತು. ಬಿನೆಗಿಂತ ಐವತ್ತು ವರ್ಷ ಹೆಚ್ಚು ಕಾಲ ಬದುಕಿದ್ದ ಸಿಮೋನನು, ಬುದ್ಧಿಯನ್ನು ಒಂದೇ ಅಂಕಿಗೆ ಇಳಿಸಿದುದು ತಮ್ಮ ಉದ್ದೇಶಕ್ಕೆ ಬಗೆದ ದ್ರೋಹವೆಂದು ಮರುಗಿದನು.

ಬಿನೆಯ ಪರೀಕ್ಷೆ ಕನ್ನಡ ನಾಡಿಗೂ ಬಂದಿತು. ವಿ. ವಿ. ಕಾಮತರು ಮುಂಬಯಿ-ಕರ್ನಾಟಕ ಭಾಗದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಅದನ್ನು ಪರಿಷ್ಕರಿಸಿದರು. ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಅವರ ಗ್ರಂಥ 1940ರಲ್ಲಿ ಪ್ರಕಟವಾಯಿತು. ಬಿನೆ-ಕಾಮತ್ ಪರೀಕ್ಷೆಯೆಂದು ಹೆಸರಾದ ಅದು ಹಲವು ದಶಕಗಳ ಕಾಲ ಭಾರತದಲ್ಲಿ ಬಳಕೆಯಲ್ಲಿತ್ತು. ಒಂದು ನಾಡಿನ ಪ್ರಶ್ನೆಗಳನ್ನು ಬರಿದೇ ಭಾಷಾಂತರ ಮಾಡಿದರೆ ಇನ್ನೊಂದು ನಾಡಿನ ಮಗುವಿಗೆ ನ್ಯಾಯ ದೊರೆಯುವುದಿಲ್ಲ. ಮಗು ಕಂಡ ನಾಣ್ಯ, ಕಂಡ ಚಿತ್ರ, ಆಡುವ ಮಾತು ಪ್ರಶ್ನೆಯಲ್ಲಿರಬೇಕು. ಬ್ರಸೆಲ್ಸ್ ಮತ್ತು ಪ್ಯಾರಿಸ್ ನಗರಗಳ ಮಕ್ಕಳ ನಡುವೆ ಬಿನೆ ಕಂಡ ಭೇದವೂ ಇದೇ ಮಾತನ್ನು ಹೇಳುತ್ತದೆ.

ಬಿನೆಯ ಕಾಲದಿಂದ ಈ ವಿದ್ಯೆ ಬಹಳ ಮುಂದುವರಿದಿದೆ. ಬುದ್ಧಿ ಚುರುಕಾಗಿದ್ದೂ ಓದುವುದು ಮಾತ್ರ ಕಷ್ಟವಾಗುವ ಸ್ಥಿತಿಗೆ ಇಂದು ಡಿಸ್ಲೆಕ್ಸಿಯ ಎಂಬ ಹೆಸರಿದೆ. ಅಂಥ ಬಾಲಕನೊಬ್ಬನನ್ನು ಕುರಿತು ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲಿಯೇ ಬರೆದಿದ್ದನು. ಭಾರತದಲ್ಲಿ 2009ರ ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಹಕ್ಕನ್ನಾಗಿ ಮಾಡಿತು; 2016ರ ಕಾಯಿದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಅಂಗವಿಕಲತೆಗಳ ಪಟ್ಟಿಗೆ ಸೇರಿಸಿತು. 1882ರ ಬಳಿಕ ಫ್ರಾನ್ಸಿನ ಉಪಾಧ್ಯಾಯರ ಮುಂದೆ ನಿಂತ ಪ್ರಶ್ನೆಯೇ ಇಂದು ನಮ್ಮ ಉಪಾಧ್ಯಾಯರ ಮುಂದೆಯೂ ನಿಂತಿದೆ.

ಬೆಳೆಯುವ ಸಿರಿ ಮೊಳಕೆಯಲ್ಲಿಯೇ ಕಾಣುವುದೆಂಬ ಗಾದೆ ನಮ್ಮಲ್ಲಿದೆ. ಆದರೆ ಎಲ್ಲ ಬೀಜಗಳೂ ಒಂದೇ ದಿನ ಮೊಳೆಯುವುದಿಲ್ಲ. ತಡವಾಗಿ ಮೊಳೆಯುವ ಬೀಜಕ್ಕೆ ನೀರು ಸಾಲದೋ, ಬೆಳಕು ಸಾಲದೋ, ಮಣ್ಣು ಒಗ್ಗದೋ ಎಂದು ನೋಡುವವನೇ ಒಳ್ಳೆಯ ಒಕ್ಕಲಿಗ. ಆಲ್ಫ್ರೆಡ್ ಬಿನೆ ಹಿಡಿದ ಅಳತೆಗೋಲು ಅಂಥ ಒಕ್ಕಲಿಗನ ಕೈಯಲ್ಲಿರತಕ್ಕದ್ದು. ತನ್ನ ತಪ್ಪುಗಳನ್ನು ಒಪ್ಪಿಕೊಂಡು ಕಲಿತವನಾದುದರಿಂದ, ಮಗು ತಪ್ಪಿದಾಗ ತೀರ್ಪು ಕೊಡಲು ಅವನು ಅವಸರಪಡಲಿಲ್ಲ. ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತ ಮಗುವಿನ ಬಳಿಗೆ ಹೋಗಿ, ನಿನಗೆ ಏನು ಕಷ್ಟವೆಂದು ಕೇಳುವ ತಾಳ್ಮೆಯನ್ನು ಅವನು ಶಾಸ್ತ್ರಕ್ಕೆ ಕಲಿಸಿದನು.